ಹಿಮ್ಮಡಿ ಊರದ ಹೆಜ್ಜೆ: ಕಾಯುವುದೋ, ತಿದ್ದುವುದೋ?

ಮೂರು ವರ್ಷ ದಾಟಿದ ಮಗು ಇನ್ನೂ ತುದಿಗಾಲಲ್ಲೇ ನಡೆಯುತ್ತಿದ್ದರೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. "ಇವರಪ್ಪನೂ ಹೀಗೇ ನಡೀತಿದ್ದ, ಶಾಲೆಗೆ ಹೋಗೋ ಹೊತ್ತಿಗೆ ತಾನೇ ಸರಿಹೋಯ್ತು, ಸುಮ್ಮನೆ ಬಿಡಿ" ಎನ್ನುತ್ತಾರೆ ಅಜ್ಜಿ. "ಈಗಲೇ ಶುರು ಮಾಡದಿದ್ದರೆ ಮೀನಖಂಡ ಬಿಗಿದುಕೊಳ್ಳುತ್ತೆ, ಆಮೇಲೆ ಆಪರೇಷನ್ನೇ ಗತಿ ಆಗಬಹುದು" ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ನಡುವೆ ಸಿಕ್ಕಿಕೊಂಡ ಅಮ್ಮ ಎಲ್ಲರಿಗೂ ತಿಳಿದ ಒಂದೇ ಔಷಧವನ್ನು ದಿನವಿಡೀ ಕೊಡುತ್ತಿರುತ್ತಾಳೆ: "ಹಿಮ್ಮಡಿ ಊರು, ಹಿಮ್ಮಡಿ ಊರು!"

ಈ ಜಗಳ ನಮ್ಮ ಮನೆಗಳಿಗಷ್ಟೇ ಸೀಮಿತವಲ್ಲ. ಮಕ್ಕಳ ಮೂಳೆತಜ್ಞರು, ನರತಜ್ಞರು, ಫಿಸಿಯೋಥೆರಪಿಸ್ಟರು ಅರ್ಧ ಶತಮಾನದಿಂದ ಇದನ್ನೇ ಚರ್ಚಿಸುತ್ತಿದ್ದಾರೆ. ಅಜ್ಜಿಯ ಮಾತಿಗೂ ಪುರಾವೆ ಇದೆ, ಫಿಸಿಯೋಥೆರಪಿಸ್ಟರ ಮಾತಿಗೂ ಇದೆ. ಎರಡನ್ನೂ ತೂಗಿ ನೋಡುವ ಮೊದಲು, ತಕ್ಕಡಿಗೆ ಏರಿಸಲೇಬಾರದ ಒಂದು ವಿಷಯವನ್ನು ಹೇಳಿಬಿಡುತ್ತೇನೆ.

ಮಕ್ಕಳು ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಿಂದ ಹದಿನೆಂಟು ತಿಂಗಳೊಳಗೆ ನಡೆಯಲು ಕಲಿಯುತ್ತಾರೆ. ಆ ಮೊದಲ ತಿಂಗಳುಗಳಲ್ಲಿ ಆಗಾಗ ತುದಿಗಾಲಲ್ಲಿ ಓಡಾಡುವುದು ಸಹಜ. ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಹಿಮ್ಮಡಿ ಮೊದಲು ನೆಲಕ್ಕೆ ತಾಗಿ, ಆಮೇಲೆ ಪಾದ ಉರುಳಿ, ಕೊನೆಗೆ ಬೆರಳು ನೆಲವನ್ನು ಒತ್ತುವ ಕ್ರಮ ಬಂದಿರುತ್ತದೆ. ಮೂರರ ನಂತರವೂ ಹೊತ್ತಿನ ಬಹುಪಾಲು ತುದಿಗಾಲೇ ಆಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಬೇಕು. ಮಗು ಆರೋಗ್ಯವಾಗಿದ್ದು ಯಾವ ಕಾಯಿಲೆಯೂ ಸಿಗದಿದ್ದರೆ ಅದನ್ನು 'ಇಡಿಯೋಪಥಿಕ್' ತುದಿಗಾಲ ನಡಿಗೆ, ಅಂದರೆ ಕಾರಣ ಗೊತ್ತಾಗದ್ದು ಎನ್ನುತ್ತಾರೆ. ಬೇರೆಲ್ಲ ಕಾರಣಗಳನ್ನು ಒಂದೊಂದಾಗಿ ಹೊರಗಿಟ್ಟ ಮೇಲೆ ಉಳಿಯುವ ಹೆಸರು ಇದು. ಆ ಹೊರಗಿಡುವ ಕೆಲಸ ಆಗದೆ "ಕಾಯೋಣ" ಎನ್ನುವ ಹಕ್ಕು ಯಾರಿಗೂ ಇಲ್ಲ.

ಕೆಲವು ಗಂಡುಮಕ್ಕಳಲ್ಲಿ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಸ್ನಾಯುರೋಗ ಮೊದಲು ಕಾಣಿಸುವುದೇ ಹೀಗೆ. ಮೀನಖಂಡ ದಪ್ಪಗೆ ತುಂಬಿಕೊಂಡಂತೆ ಕಾಣುತ್ತದೆ, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ, ನೆಲದಿಂದ ಏಳುವಾಗ ಮಗು ತನ್ನ ತೊಡೆಗಳ ಮೇಲೆ ಕೈಯೂರಿ ಮೇಲೇರುತ್ತದೆ. ಬ್ರಿಟನ್ನಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲಿ ವರ್ಣಿಸಿದ ಈ ಏಳುವ ರೀತಿಯನ್ನು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಷ್ಟಿದೆ ಎಂಬ ಒಂದು ಪರೀಕ್ಷೆ ಇಲ್ಲಿ ಬಹಳಷ್ಟನ್ನು ಹೇಳಿಬಿಡುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಸೌಮ್ಯ ಸ್ವರೂಪದ ಸೆರೆಬ್ರಲ್ ಪಾಲ್ಸಿ ಇರಬಹುದು; ಒಂದೇ ಕಾಲು ತುದಿಯಲ್ಲಿದ್ದರೆ ಅನುಮಾನ ಇನ್ನೂ ಹೆಚ್ಚಬೇಕು. ಸೊಂಟದ ಕೆಳಗೆ ಬೆನ್ನಿನ ಮೇಲೆ ಕೂದಲ ಕುಚ್ಚು ಅಥವಾ ಗುಳಿ ಇದ್ದು, ಮೂತ್ರದ ಹತೋಟಿಯಲ್ಲಿ ಏರುಪೇರಾಗಿದ್ದರೆ ಬೆನ್ನುಹುರಿಯನ್ನು ನೋಡಬೇಕಾಗುತ್ತದೆ. ಮೊದಲು ಪಾದ ಪೂರ್ತಿ ಊರಿ ನಡೆಯುತ್ತಿದ್ದ ಮಗು ಆಮೇಲೆ ತುದಿಗಾಲಿಗೆ ಏರಿದ್ದರೆ ಅದು ಕಾಯುವ ವಿಷಯವೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ರೋಗಗಳಿಗೆಂದೇ ಕ್ಲಿನಿಕ್ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ದಿನ ಮಗುವಿನ ನಡಿಗೆಯ ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ನಿಂತಲ್ಲೇ ತೂಕ, ಎತ್ತರ ನೋಡುವಾಗ ನಡಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟು ಮುಗಿದು, ಎಲ್ಲ ಕಾರಣಗಳೂ ಹೊರಗುಳಿದ ಮೇಲೆ ನಿಜವಾದ ವಾದ ಶುರುವಾಗುತ್ತದೆ.

ಕಾಯೋಣ ಎನ್ನುವವರ ಕೈಯಲ್ಲಿರುವ ಅತ್ಯಂತ ಗಟ್ಟಿ ಪುರಾವೆ ಸ್ವೀಡನ್ನಿನ ಬ್ಲೇಕಿಂಗೆ ಪ್ರಾಂತದ್ದು. ಐದೂವರೆ ವರ್ಷದ ಮಕ್ಕಳು ಅಲ್ಲಿ ಆರೋಗ್ಯ ಕೇಂದ್ರಕ್ಕೆ ವಾಡಿಕೆಯ ತಪಾಸಣೆಗೆ ಬರುತ್ತಾರೆ. ಹಾಗೆ ಬಂದ 1436 ಮಕ್ಕಳ ನಡಿಗೆಯನ್ನು ಪೇರ್ ಎಂಗ್‌ಸ್ಟ್ರೋಮ್ ಮತ್ತು ಕ್ರಿಸ್ಟೀನಾ ಟೆಡ್ರೋಫ್ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಸುಮಾರು ನೂರರಲ್ಲಿ ಐದು ಮಕ್ಕಳು ಯಾವಾಗಲೋ ಒಮ್ಮೆ ತುದಿಗಾಲ ನಡಿಗೆಯವರಾಗಿದ್ದರು; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದೂವರೆಯ ಹೊತ್ತಿಗೆ ಅದನ್ನು ಬಿಟ್ಟಿದ್ದರು. ಅದೇ ಮಕ್ಕಳನ್ನು ಹತ್ತು ವರ್ಷದವರೆಗೆ ಗಮನಿಸಿ 2018ರಲ್ಲಿ ಇನ್ನೊಂದು ವರದಿ ಬಂತು. ಕಾರಣ ಗೊತ್ತಾಗದ ಗುಂಪಿನ 63 ಮಕ್ಕಳಲ್ಲಿ 50 ಮಕ್ಕಳು, ಅಂದರೆ 79 ಶೇಕಡ, ಹತ್ತು ತುಂಬುವಷ್ಟರಲ್ಲಿ ತಾವಾಗಿಯೇ ಪಾದ ಊರಿ ನಡೆಯುತ್ತಿದ್ದರು. ಅಜ್ಜಿ ಹೇಳಿದ್ದು ಬಹುತೇಕ ಇದನ್ನೇ. ಅಪ್ಪನೂ ಹಾಗೇ ನಡೆಯುತ್ತಿದ್ದ ಎಂಬುದನ್ನೂ ತಳ್ಳಿಹಾಕುವಂತಿಲ್ಲ. ಇಂಥ ಮಕ್ಕಳ ಮನೆತನದಲ್ಲಿ ಮತ್ತೊಬ್ಬರು ತುದಿಗಾಲಲ್ಲಿ ನಡೆದಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಆದರೆ ಈ ಅಂಕಿಯನ್ನು ನಮ್ಮೂರಿಗೆ ತರುವಾಗ ಜೊತೆಗೆ ಇನ್ನೊಂದನ್ನೂ ತರಬೇಕು. ಸ್ವೀಡನ್ನಿನಲ್ಲಿ ಕಾದವರು ಕಣ್ಣುಮುಚ್ಚಿ ಕಾಯಲಿಲ್ಲ. ಎಲ್ಲ ಮಕ್ಕಳೂ ಗೊತ್ತಾದ ವಯಸ್ಸಿಗೆ ಆರೋಗ್ಯ ಕೇಂದ್ರಕ್ಕೆ ಬರುವ ವ್ಯವಸ್ಥೆಯೊಳಗೆ ಕಾದರು. ಆ ಮಕ್ಕಳಲ್ಲಿ ಕೆಲವರ ಕಣಕಾಲು ಬಿಗಿಯುತ್ತ ಬಂದದ್ದು ಗೊತ್ತಾಯಿತು, ಹತ್ತು ತುಂಬುವ ಮೊದಲೇ ಅವರಿಗೆ ಶಸ್ತ್ರಚಿಕಿತ್ಸೆಯೂ ಆಯಿತು. ಯಾರೂ ನೋಡದೆ ಹತ್ತು ವರ್ಷ ಕಳೆಯುವುದನ್ನೂ ವರ್ಷಕ್ಕೆರಡು ಸಲ ಅಳೆಯುತ್ತ ಹತ್ತು ವರ್ಷ ಕಳೆಯುವುದನ್ನೂ 'ಕಾಯುವುದು' ಎಂಬ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಇನ್ನೊಂದು ಮಾತು. ಬ್ಲೇಕಿಂಗೆಯವರು ಒಂದು ಪ್ರಾಂತದ ಮಕ್ಕಳನ್ನು ಎಣಿಸಿದರು. ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಬರುವ ಮಕ್ಕಳು ಆ ರಾಶಿಯಿಂದ ಸೋಸಿ ಬಂದವರು, ನಡಿಗೆ ಹೆಚ್ಚು ಹಟಮಾರಿಯಾದವರು. ಇಬ್ಬರಿಗೂ 79 ಶೇಕಡದ ಭರವಸೆಯನ್ನೇ ಕೊಡಲಾಗದು.

ಅದೇ ಬ್ಲೇಕಿಂಗೆ ಅಧ್ಯಯನದಲ್ಲಿ ಮತ್ತೊಂದು ಸಣ್ಣ ಗುಂಪಿತ್ತು. ಬೆಳವಣಿಗೆಯ ಹಿಂಜರಿತ ಅಥವಾ ಆಟಿಸಂನಂಥ ನರ-ಮನೋವಿಕಾಸದ ತೊಂದರೆ ಗುರುತಿಸಲಾಗಿದ್ದ 17 ಮಕ್ಕಳಲ್ಲಿ 7 ಮಂದಿ ತುದಿಗಾಲಲ್ಲಿ ನಡೆದವರು. ಹೀಗಾಗಿ ಮಾತು ತಡವಾಗಿದೆಯೇ, ಹೆಸರು ಕರೆದರೆ ತಿರುಗುತ್ತದೆಯೇ, ಸರೀಕರ ಜೊತೆ ಆಡುತ್ತದೆಯೇ ಎಂಬುದನ್ನು ನಡಿಗೆಯ ಜೊತೆಯಲ್ಲೇ ಕೇಳಬೇಕು. ತುದಿಗಾಲಲ್ಲಿ ನಡೆಯುವ ಮಕ್ಕಳಿಗೆಲ್ಲ ಆಟಿಸಂ ಎಂಬ ಹೆದರಿಕೆ ತಪ್ಪು. ಆದರೆ ಮಾತು ತಡವಾದ ಮಗುವಿನ ಕಾಲನ್ನಷ್ಟೇ ನೋಡಿ ಕಳುಹಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಈಗ ಇನ್ನೊಂದು ಪಕ್ಷ. ತಿದ್ದಬೇಕು ಎನ್ನುವವರು ನಡಿಗೆ ನೋಡಲು ಚೆಂದವಿಲ್ಲ ಎಂದು ಹೇಳುತ್ತಿಲ್ಲ, ಅವರ ವಾದ ಅದಕ್ಕಿಂತ ಆಳದ್ದು. ಅದರ ತಿರುಳು ಸಮತೋಲ. ಅದನ್ನು ಅರ್ಥ ಮಾಡಿಕೊಳ್ಳಲು ಸುಮ್ಮನೆ ನಿಲ್ಲುವುದು ಎಂದರೆ ಏನೆಂದು ಯೋಚಿಸಬೇಕು. ನಿಂತ ಮನುಷ್ಯ ಎಂದೂ ಪೂರ್ತಿ ಅಲುಗಾಡದೆ ಇರುವುದಿಲ್ಲ; ದೇಹ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ತುಸು ತುಸು ತೂಗುತ್ತಲೇ ಇರುತ್ತದೆ. ದೇಹದ ಭಾರದ ಗೆರೆ ಕಣಕಾಲಿನ ಸ್ವಲ್ಪ ಮುಂದೆ ಬೀಳುತ್ತದೆ, ಮುಂದಕ್ಕೆ ಮುಗ್ಗರಿಸದಂತೆ ಮೀನಖಂಡದ ಸ್ನಾಯುಗಳು ಹಿಡಿದು ಬಿಟ್ಟು ಮಾಡುತ್ತಿರುತ್ತವೆ. ಪಾದ ಪೂರ್ತಿ ಊರಿದ್ದರೆ ಹಿಮ್ಮಡಿಯಿಂದ ಬೆರಳ ತುದಿವರೆಗಿನ ಜಾಗವೆಲ್ಲ ಈ ತೂಗಾಟಕ್ಕೆ ಸಿಗುತ್ತದೆ. ತುದಿಗಾಲಲ್ಲಿ ಆ ಜಾಗ ಮುಂಗಾಲಿನ ಪಟ್ಟಿಯಷ್ಟಕ್ಕೆ ಇಳಿಯುತ್ತದೆ, ದೇಹದ ಭಾರಕೇಂದ್ರ ಇನ್ನಷ್ಟು ಮೇಲೇರುತ್ತದೆ. ಮೀನಖಂಡ ಆಗಲೇ ಸಂಕುಚಿತವಾಗಿರುವುದರಿಂದ ಹಿಡಿದು ಬಿಡುವ ಆಟಕ್ಕೆ ಅದರಲ್ಲಿ ಹೆಚ್ಚು ಅವಕಾಶ ಉಳಿದಿರುವುದಿಲ್ಲ. ಕಣಕಾಲಲ್ಲಿ ಆಗಬೇಕಾದ ತಿದ್ದುಪಡಿಯನ್ನು ಸೊಂಟ, ಮೊಣಕಾಲು ಮಾಡಬೇಕಾಗುತ್ತದೆ. ಕೆಲವು ಮಕ್ಕಳಲ್ಲಿ ಸೊಂಟದ ಹಿಂಭಾಗ ಒಳಕ್ಕೆ ಬಾಗಿ ಹೊಟ್ಟೆ ಮುಂದೆ ಬರುವುದು, ಮೊಣಕಾಲು ಹಿಂದಕ್ಕೆ ಬಗ್ಗುವುದು, ಪಾದ ಹೊರಕ್ಕೆ ತಿರುಗುವುದು ಇದರ ಫಲವಾಗಿಯೇ ಇರಬಹುದು. ಕೆಲವರಂತೂ ಓಡುವಾಗ ಚುರುಕು, ನಿಂತಾಗ ಚಡಪಡಿಕೆ. ನಿಂತಲ್ಲಿ ನಿಲ್ಲಲಾರದೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಲೇ ಇರುತ್ತಾರೆ.

ಭೌತಿಕ ಲೆಕ್ಕ ಇಷ್ಟು ಸ್ಪಷ್ಟ. ಆದರೆ ಲೆಕ್ಕದಿಂದ ತೀರ್ಮಾನಕ್ಕೆ ನೆಗೆಯುವ ಮುನ್ನ ಒಂದು ತೊಡಕಿದೆ. ಇಂಥ ಮಕ್ಕಳಲ್ಲಿ ಅನೇಕರು ನಿಂತಾಗ ಪಾದ ಪೂರ್ತಿ ಊರಿಯೇ ನಿಲ್ಲುತ್ತಾರೆ. ನಡೆಯಲು ಶುರು ಮಾಡಿದಾಗ ಮಾತ್ರ ಹಿಮ್ಮಡಿ ಏಳುತ್ತದೆ. "ಹಿಮ್ಮಡಿ ಊರಿ ನಡಿ ನೋಡೋಣ" ಎಂದರೆ ಡಾಕ್ಟರ ಕೋಣೆಯಲ್ಲಿ ಅಚ್ಚುಕಟ್ಟಾಗಿ ನಡೆದು ತೋರಿಸುತ್ತಾರೆ. ಹೊರಗೆ ಬಂದು ಮನಸ್ಸು ಬೇರೆಡೆಗೆ ಹೋದದ್ದೇ ತಡ, ಮತ್ತೆ ತುದಿಗಾಲು. ಊರಲು ಬರುತ್ತದೆ, ಆದರೂ ಊರುವುದಿಲ್ಲ. ಹಾಗಾದರೆ ತುದಿಗಾಲು ಆ ಮಗುವಿಗೆ ಏನನ್ನೋ ಕೊಡುತ್ತಿರಬೇಕು. ಈ ಪ್ರಶ್ನೆಗೆ ಬಂದಾಗ ವಿಷಯ ನಿಜಕ್ಕೂ ಗಹನವಾಗುತ್ತದೆ.

ಮೂರು ಕಡೆಯಿಂದ ಬರುವ ಸುದ್ದಿಯನ್ನು ಕೂಡಿಸಿ ಮೆದುಳು ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ: ಕಣ್ಣು, ಒಳಕಿವಿಯ ಸಮತೋಲದ ಅಂಗ, ಮತ್ತು ಅಂಗಾಲಿನ ಚರ್ಮ-ಕೀಲು-ಸ್ನಾಯುಗಳ ಸ್ಪರ್ಶಜ್ಞಾನ. ಆಸ್ಟ್ರೇಲಿಯಾದ ಸಂಶೋಧಕಿ ಸಿಲೀ ವಿಲಿಯಮ್ಸ್ ಮತ್ತು ಸಂಗಡಿಗರು ನಾಲ್ಕರಿಂದ ಎಂಟು ವರ್ಷದ ತುದಿಗಾಲ ನಡಿಗೆಯ ಮಕ್ಕಳನ್ನು ಸಮವಯಸ್ಕರೊಂದಿಗೆ ಹೋಲಿಸಿ ನೋಡಿದರು. 2014ರ ಅವರ ವರದಿಯ ಪ್ರಕಾರ, ನಿಂತು-ನಡೆದು ಮಾಡುವ ಸಮತೋಲದ ಪರೀಕ್ಷೆಯಲ್ಲಿ ಈ ಮಕ್ಕಳ ಸರಾಸರಿ ಅಂಕ ಕಡಿಮೆ. ಕಾಲಿನ ಹೆಬ್ಬೆರಳಿಗೆ ಕಂಪನ ತಾಗಿಸಿದಾಗ ಮಾತ್ರ ಬೇರೆ ಮಕ್ಕಳಿಗಿಂತ ಸೂಕ್ಷ್ಮವಾದ ಕಂಪನವನ್ನೂ ಇವರು ಗುರುತಿಸಿದರು. ಅಂದರೆ ಅಂಗಾಲಿನ ಸ್ಪರ್ಶಜ್ಞಾನ ಮಂದವಾಗಿಲ್ಲ, ಇನ್ನೂ ಹರಿತ. ಒದ್ದೆ ಹುಲ್ಲು, ಮರಳು, ಒರಟು ನೆಲ ಕಂಡರೆ ಹಿಮ್ಮಡಿ ಎತ್ತುವ ಮಕ್ಕಳನ್ನು ನೋಡಿದವರಿಗೆ ಇದು ಆಶ್ಚರ್ಯವೆನಿಸದು. ಹೀಗೆ ನೋಡಿದರೆ ತುದಿಗಾಲು ಸಮತೋಲ ಕೆಡಿಸುವ ಕಾರಣವಾಗಿರದೆ, ತನಗೆ ಬರುವ ಸುದ್ದಿಯನ್ನು ಹದಗೊಳಿಸಲು ಮಗು ಕಂಡುಕೊಂಡ ದಾರಿಯಾಗಿರಬಹುದು. ನೆಲದ ಸ್ಪರ್ಶ ಅತಿಯೆನಿಸಿದ ಮಗುವಿಗೆ ಕಡಿಮೆ ತಾಗುವ ದಾರಿ ಅದು. ದೇಹದ ನೆಲೆ ತಿಳಿಯಲು ಹೆಚ್ಚು ಒತ್ತಡ ಬೇಕೆನಿಸಿದ ಮಗುವಿಗೆ ಬಿಗಿಹಿಡಿದ ಸ್ನಾಯು, ಮುಂಗಾಲಿನ ಮೇಲೆ ಬೀಳುವ ಭಾರ ಆ ಒತ್ತಡವನ್ನು ಕೊಡುತ್ತವೆ. ಎರಡು ವಿವರಣೆಗಳೂ ಒಂದಕ್ಕೊಂದು ಎದುರಾಗಿವೆ. ಎರಡಕ್ಕೂ ಹೊಂದುವ ಮಕ್ಕಳು ಇದ್ದಾರೆ.

ಸ್ನಾಯುಗಳ ಲೆಕ್ಕದಲ್ಲೂ ಇಂಥದೇ ಇಬ್ಬಂದಿ. 2000ನೇ ಇಸವಿಯಲ್ಲಿ ಅಮೆರಿಕದ ಕೆರಿಗನ್ ಮತ್ತು ಸಂಗಡಿಗರು ಆರೋಗ್ಯವಂತರನ್ನು ಬೇಕೆಂದೇ ತುದಿಗಾಲಲ್ಲಿ ನಡೆಸಿ ಕೀಲುಗಳ ಮೇಲಿನ ಬಲವನ್ನು ಅಳೆದರು. ಕಣಕಾಲು, ಮೊಣಕಾಲಿನ ಕೆಲವು ಸ್ನಾಯುಗಳ ಮೇಲೆ ಬೇಡಿಕೆ ಕಡಿಮೆಯಾಗುವುದನ್ನು ಕಂಡು, ಬಲ ಕಡಿಮೆಯಿರುವವರಿಗೆ ಇದು ಅನುಕೂಲದ ನಡಿಗೆಯೂ ಆಗಬಹುದೆಂದರು. ಮೂರು ವರ್ಷದ ನಂತರ ಕ್ಯಾಲಿಫೋರ್ನಿಯಾದ ಜಾಕ್ವೆಲಿನ್ ಪೆರ್ರಿ ಅವರ ತಂಡ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನೇ ದಾಖಲಿಸಿ ಬೇರೆ ಮಾತು ಹೇಳಿತು: ಕುಗ್ಗಿದ ಸ್ಥಿತಿಯಲ್ಲಿ ಮೀನಖಂಡದ ಸ್ನಾಯು ತನ್ನ ಬಲವನ್ನು ಪೂರ್ತಿ ಹಾಕಲಾರದು, ಆದ್ದರಿಂದ ಅದು ಹೆಚ್ಚು ದುಡಿಯಬೇಕಾಗುತ್ತದೆ. 2010ರಲ್ಲಿ ಅಮೆರಿಕದ ಯೂಟಾದಲ್ಲಿ ದೊಡ್ಡವರ ಮೇಲೆ ನಡೆದ ಪ್ರಯೋಗದಲ್ಲಿ ಹಿಮ್ಮಡಿ ತುಸು ಎತ್ತಿ ನಡೆದರೆ ಹಿಮ್ಮಡಿ ಊರಿ ನಡೆಯುವುದಕ್ಕಿಂತ 53 ಶೇಕಡ ಹೆಚ್ಚು ಶಕ್ತಿ ವ್ಯಯವಾಗುತ್ತದೆ ಎಂದು ಕಂಡಿತು. ಆದರೆ ಇವೆಲ್ಲ ಪಾದ ಊರಿ ನಡೆದು ರೂಢಿಯಿದ್ದವರಿಗೆ ಅರೆಗಳಿಗೆ ತುದಿಗಾಲು ಕಲಿಸಿ ಪಡೆದ ಫಲಿತಾಂಶಗಳು. ನಡೆಯಲು ಕಲಿತಂದಿನಿಂದ ಹಾಗೇ ನಡೆದ ಮಗುವಿನ ದೇಹಕ್ಕೆ ಇವನ್ನು ನೇರವಾಗಿ ಹಚ್ಚುವುದರಲ್ಲಿ ಎರಡೂ ಪಕ್ಷದವರು ಎಚ್ಚರ ತಪ್ಪುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಸಮತೋಲದ ಅಂಕ ಕಡಿಮೆ ಬಂದದ್ದನ್ನು ಓದುವಾಗ ವಯಸ್ಸನ್ನೂ ಮರೆಯಬಾರದು. ಆನ್ ಶಮ್‌ವೇ-ಕುಕ್ ಮತ್ತು ಮಾರ್ಜೊರಿ ವುಲ್ಲಕಾಟ್ 1985ರಲ್ಲಿ ತೋರಿಸಿಕೊಟ್ಟಂತೆ, ತೀರಾ ಸಣ್ಣ ಮಕ್ಕಳು ನೆಟ್ಟಗೆ ನಿಲ್ಲಲು ಕಣ್ಣನ್ನು ಹೆಚ್ಚು ನೆಚ್ಚುತ್ತಾರೆ. ನಾಲ್ಕರಿಂದ ಆರರ ನಡುವಿನ ವಯಸ್ಸು ಮಗ್ಗುಲು ಬದಲಿಸುವ ಕಾಲ. ಆಗ ಮಗುವಿನ ಪ್ರತಿಕ್ರಿಯೆ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಏಳರಿಂದ ಹತ್ತರೊಳಗೆ ಅದು ದೊಡ್ಡವರ ರೀತಿಗೆ ಹತ್ತಿರವಾಗುತ್ತದೆ. ಕಾಯೋಣ ಎನ್ನುವವರು ಇದನ್ನು ತಮ್ಮ ಪರವಾಗಿ ಓದುತ್ತಾರೆ: ಐದು ವರ್ಷದ ಯಾವ ಮಗು ತಾನೇ ಒಂಟಿಕಾಲಲ್ಲಿ ಅಲುಗದೆ ನಿಂತೀತು? ಇನ್ನೆರಡು ವರ್ಷ ಬಿಟ್ಟು ಅಳೆಯಿರಿ. ತಿದ್ದೋಣ ಎನ್ನುವವರೂ ಇದನ್ನೇ ತಮ್ಮ ಪರವಾಗಿ ಓದುತ್ತಾರೆ: ಮೂರು ಇಂದ್ರಿಯಗಳ ಸುದ್ದಿಯನ್ನು ಹೊಂದಿಸಲು ಮೆದುಳು ಕಲಿಯುವ ವರ್ಷಗಳಲ್ಲೇ ಹಿಮ್ಮಡಿಯಿಂದ ಸುದ್ದಿ ಬರದಿದ್ದರೆ ಕಲಿಕೆ ಅರೆಬರೆಯಾಗದೇ? ಒಂದೇ ಸಂಗತಿ ಇಬ್ಬರಿಗೂ ಸಾಕ್ಷಿ ನುಡಿಯುತ್ತಿದೆ. ತುದಿಗಾಲು ಮೊದಲೋ ಸಮತೋಲದ ಕೊರತೆ ಮೊದಲೋ ಎಂಬುದು ಒಂದು ದಿನ ಅಳೆದು ಹೋಲಿಸುವ ಅಧ್ಯಯನಗಳಿಂದ ತೀರ್ಮಾನವಾಗುವಂಥದ್ದಲ್ಲ. ಅದಕ್ಕೆ ಎರಡು ವರ್ಷದ ಮಕ್ಕಳನ್ನು ಹಿಡಿದು ಹತ್ತರವರೆಗೆ ಎರಡನ್ನೂ ಒಟ್ಟಿಗೆ ಅಳೆಯುತ್ತ ಹೋಗಬೇಕು.

ತಿದ್ದುವವರ ಇನ್ನೊಂದು ವಾದ ಸಮತೋಲಕ್ಕಿಂತ ಸರಳ, ನನ್ನ ಮಟ್ಟಿಗೆ ಅದಕ್ಕಿಂತ ಬಲವಾದದ್ದು. ಬಳಸದ ಉದ್ದವನ್ನು ಸ್ನಾಯು ಉಳಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಕುಗ್ಗಿದಲ್ಲೇ ಇದ್ದ ಮೀನಖಂಡ, ಮೂಳೆ ಉದ್ದವಾದಷ್ಟು ತಾನು ಉದ್ದವಾಗದೆ ಹಿಂದುಳಿಯಬಹುದು. 1967ರಲ್ಲಿ ಹಾಲ್, ಸಾಲ್ಟರ್ ಮತ್ತು ಭಲ್ಲಾ ಈ ಮಕ್ಕಳ ಬಗ್ಗೆ ಬರೆದಾಗ ಹುಟ್ಟಿನಿಂದಲೇ ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿರುವುದು ಕಾರಣವೆಂದು ಭಾವಿಸಿದ್ದರು. ಈಗ ಹೆಚ್ಚಿನವರು ಅದನ್ನು ತಲೆಕೆಳಗಾಗಿ ನೋಡುತ್ತಾರೆ: ಎಳವೆಯಲ್ಲಿ ಉದ್ದ ಸರಿಯೇ ಇರುತ್ತದೆ, ತುದಿಗಾಲಲ್ಲೇ ಬೆಳೆದ ಕೆಲವರಲ್ಲಿ ಆಮೇಲೆ ಗಿಡ್ಡವಾಗುತ್ತದೆ. ಒಮ್ಮೆ ಗಿಡ್ಡವಾದ ಮೇಲೆ ಮಗು ಮನಸ್ಸು ಮಾಡಿದರೂ ಹಿಮ್ಮಡಿ ನೆಲ ಮುಟ್ಟದು. ಆಗ ಸಮತೋಲಕ್ಕೆ ಸಿಗುವ ಜಾಗ ಕಡಿಮೆಯಾಗುವುದು ಆಯ್ಕೆಯಾಗಿ ಉಳಿಯದೆ ಕಟ್ಟುಪಾಡಾಗುತ್ತದೆ.

ಹಾಗೆಂದು ಚಿಕಿತ್ಸೆಯ ದಾಖಲೆ ಏನು ಹೇಳುತ್ತದೆ? ಇಲ್ಲಿ ತಿದ್ದುವವರ ದನಿ ತುಸು ತಗ್ಗಲೇಬೇಕು. 2019ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಜಗತ್ತಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ತನ್ನ ಮಾನದಂಡಕ್ಕೆ ಒಗ್ಗಿದವು ನಾಲ್ಕೇ ನಾಲ್ಕು ಎಂದಿತು. ಅವುಗಳಲ್ಲಿ ಒಟ್ಟು 139 ಮಂದಿ. ಪುರಾವೆಯ ಗುಣಮಟ್ಟ ತೀರಾ ಕೆಳಗಿನದು. ವ್ಯಾಯಾಮ, ಮೊಣಕಾಲ ಕೆಳಗೆ ವಾರಕ್ಕೋ ಎರಡು ವಾರಕ್ಕೋ ಬದಲಿಸುತ್ತ ಹಾಕುವ ಪ್ಲಾಸ್ಟರ್, ಸ್ಪ್ಲಿಂಟ್, ಬೊಟಾಕ್ಸ್ ಚುಚ್ಚುಮದ್ದು, ಕೊನೆಗೆ ಸ್ನಾಯುರಜ್ಜು ಉದ್ದ ಮಾಡುವ ಶಸ್ತ್ರಚಿಕಿತ್ಸೆ: ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ತೋರಿಸುವ ಈ ಚಿಕಿತ್ಸೆಗಳಲ್ಲಿ ಯಾವುದು ಯಾವ ಮಗುವಿಗೆ ಎಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಬೊಟಾಕ್ಸ್ ವಿಷಯದಲ್ಲಿ ಮಾತ್ರ ಉತ್ತರ ಸಾಕಷ್ಟು ಸ್ಪಷ್ಟ. 2013ರಲ್ಲಿ ಎಂಗ್‌ಸ್ಟ್ರೋಮ್ ತಂಡವೇ 47 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ಲಾಸ್ಟರ್ ಮಾತ್ರ, ಇನ್ನೊಂದಕ್ಕೆ ಬೊಟಾಕ್ಸ್ ಜೊತೆ ಪ್ಲಾಸ್ಟರ್ ಹಾಕಿತು. ಒಂದು ವರ್ಷದ ನಂತರ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಆರೋಗ್ಯವಂತ ಮಗುವಿನ ಕಾಲಿಗೆ ದುಬಾರಿ ಚುಚ್ಚುಮದ್ದು ಸೂಚಿಸುವವರನ್ನು ತಂದೆತಾಯಿ ಈ ಬಗ್ಗೆ ಧೈರ್ಯವಾಗಿ ಪ್ರಶ್ನಿಸಬಹುದು.

ಪ್ಲಾಸ್ಟರ್ ಕಣಕಾಲಿನ ಬಾಗುವಿಕೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ನಡಿಗೆ ಉಳಿಯುವುದೇ, ತುದಿಗಾಲು ಮರಳುವುದೇ ಎಂಬಲ್ಲಿ ಭರವಸೆ ತಗ್ಗುತ್ತದೆ. ಸ್ಪ್ಲಿಂಟಿನ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಅಮೆರಿಕದ ಹೆರಿನ್ ಮತ್ತು ಗೈಲ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳು ಕಣಕಾಲನ್ನು ಪೂರ್ತಿ ಹಿಡಿದಿಡುವ ಸ್ಪ್ಲಿಂಟ್ ತೊಟ್ಟರು, ಕೆಲವರು ಷೂ ಒಳಗಿಡುವ ಗಟ್ಟಿ ಅಟ್ಟೆಯನ್ನಷ್ಟೇ ಹಾಕಿಕೊಂಡರು. ತೊಟ್ಟಿರುವಷ್ಟು ಹೊತ್ತು ಮೊದಲನೆಯದೇ ತುದಿಗಾಲನ್ನು ಹೆಚ್ಚು ತಡೆಯಿತು. ಕಳಚಿಟ್ಟು ನಡೆಸಿದಾಗ ಆ ಗುಂಪಿನ ಮಕ್ಕಳು ಮತ್ತೆ ತುದಿಗಾಲಿಗೆ ಏರಿದರು. ಕಾಲನ್ನು ಬಂಧಿಸಿದರೆ ಕಾಲು ಊರುತ್ತದೆ, ಮೆದುಳು ಕಲಿಯುವುದಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಸಮತೋಲದ ಕಾರಣವನ್ನು ಮುಂದಿಟ್ಟು ಚಿಕಿತ್ಸೆ ಕೊಡುವವರು ಕಣಕಾಲು ಎಷ್ಟು ಡಿಗ್ರಿ ಬಾಗಿತೆಂದು ಅಳೆದು ಮುಗಿಸದೆ, ಸಮತೋಲ ಸುಧಾರಿಸಿತೇ ಎಂದು ಆಮೇಲೆ ಅಳೆಯಲೇಬೇಕು. ಅದನ್ನು ಅಳೆದು ತೋರಿಸಿದ ಪ್ರಯೋಗಗಳು ವಿರಳ, ಮತ್ತು ಈ ವಾದದ ದೊಡ್ಡ ಬಿರುಕು ಅದೇ.

ಶಸ್ತ್ರಚಿಕಿತ್ಸೆಯ ಬಗ್ಗೆ ಒಂದೇ ಮಾತು: ಕಣಕಾಲು ಬಿಗಿದು ಪ್ಲಾಸ್ಟರಿಗೂ ಜಗ್ಗದ ದೊಡ್ಡ ಮಕ್ಕಳಿಗೆ ಅದು ಬೇಕಾಗುತ್ತದೆ, ಆದರೆ ರಜ್ಜು ಅತಿಯಾಗಿ ಉದ್ದವಾದರೆ ಮೀನಖಂಡ ಸೋತು ಮಗು ಮೊಣಕಾಲು ಬಾಗಿಸಿ ನಡೆಯುವಂತಾಗಬಹುದು. ಆ ನಡಿಗೆಯನ್ನು ಸರಿಪಡಿಸುವುದು ತುದಿಗಾಲನ್ನು ಸರಿಪಡಿಸುವುದಕ್ಕಿಂತ ಕಷ್ಟ.

ನಮ್ಮ ಮನೆಗಳಿಗೆ ಬಂದರೆ ಇಲ್ಲಿ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ನೆಲದ ಮೇಲೆ ಆಡುವ, ಕುಕ್ಕರುಗಾಲಲ್ಲಿ ಕೂರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಿಮ್ಮಡಿ ಊರಿ ಕುಕ್ಕರುಗಾಲಲ್ಲಿ ಕೂತ ಮಗುವಿನ ಕಣಕಾಲು ಚೆನ್ನಾಗಿ ಬಾಗುತ್ತದೆ. ಹಾಗಾಗಿ "ಕೂರಕ್ಕೆ ಬರುತ್ತಲ್ಲ, ಕಾಲು ಬಿಗಿದಿಲ್ಲ" ಎಂದು ಹಲವರು ಸಮಾಧಾನ ಪಡುತ್ತಾರೆ. ಈ ಪರೀಕ್ಷೆ ಅರ್ಧ ಮಾತ್ರ ನಿಜ. ಮೀನಖಂಡದ ಎರಡು ಸ್ನಾಯುಗಳಲ್ಲಿ ಮೇಲಿನದು ಮೊಣಕಾಲನ್ನು ದಾಟಿ ತೊಡೆಮೂಳೆಗೆ ಅಂಟಿರುತ್ತದೆ. ಮೊಣಕಾಲು ಮಡಚಿದರೆ ಅದು ಸಡಿಲವಾಗುತ್ತದೆ. ಕುಳಿತಾಗ ಗೊತ್ತಾಗದ ಬಿಗಿತ ಮೊಣಕಾಲು ನೆಟ್ಟಗಿಟ್ಟು ಪಾದವನ್ನು ಮೇಲಕ್ಕೆ ಒತ್ತಿದಾಗ ಬಯಲಾಗುತ್ತದೆ. ಫಿಸಿಯೋಥೆರಪಿಸ್ಟರು ಎರಡೂ ರೀತಿಯಲ್ಲಿ ಅಳೆಯುವುದು ಇದಕ್ಕೇ. ಮೊಣಕಾಲು ನೆಟ್ಟಗಿದ್ದಾಗ ಪಾದ ಲಂಬಕೋನವನ್ನು ದಾಟಿ ಇನ್ನೂ ಹತ್ತು ಡಿಗ್ರಿಯಾದರೂ ಮೇಲೆ ಬಂದರೆ ಸದ್ಯಕ್ಕೆ ನೆಮ್ಮದಿ.

ಮಗುವನ್ನು ಕೂರಿಸಿ ಉರುಳಿಸುವ ಪ್ಲಾಸ್ಟಿಕ್ ವಾಕರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚೀಲದಲ್ಲಿ ನೇತಾಡುವ ಮಗು ಮುಂಗಾಲಿನಿಂದಲೇ ನೆಲವನ್ನು ಒತ್ತಿ ಸಾಗುತ್ತದೆ. ತುದಿಗಾಲಿನ ರೂಢಿಗೆ ಅದೇ ಕಾರಣವೆಂದು ಸಾಬೀತಾಗಿಲ್ಲ, ಅದನ್ನು ದೂರುವವರು ಪುರಾವೆಗಿಂತ ಮುಂದೆ ಹೋಗುತ್ತಾರೆ. ಆದರೆ ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯಕ್ಕಾಗಿಯೇ ಕೆನಡಾ 2004ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ಆ ಕಾರಣವೊಂದೇ ಸಾಕು. ನಮ್ಮ ಹಳೆಯ ಮೂರು ಗಾಲಿಯ ಮರದ ಗಾಡಿ ಬೇರೆ ಜಾತಿಯದು. ಅದನ್ನು ಹಿಡಿದು ಮಗು ತನ್ನ ಭಾರವನ್ನು ತಾನೇ ಹೊತ್ತು, ಪಾದ ಊರಿ ನಿಂತು ತಳ್ಳಬೇಕು.

ನನ್ನ ತೂಕ ಎಲ್ಲಿ ಬೀಳುತ್ತದೆ ಎಂದು ಹೇಳುತ್ತೇನೆ. ಕಾಯುವುದೋ ತಿದ್ದುವುದೋ ಎಂಬುದನ್ನು ವಯಸ್ಸಿನಿಂದ ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ವರ್ಷದ ಮಗುವಿನ ಕಣಕಾಲು ಆರು ತಿಂಗಳ ಹಿಂದಿಗಿಂತ ಬಿಗಿದಿದ್ದರೆ "ಇನ್ನೂ ಚಿಕ್ಕವಳು" ಎಂದು ಕಾಯುವುದು ತಪ್ಪು. ಏಳು ವರ್ಷದ ಮಗುವಿನ ಕಣಕಾಲು ಸಲೀಸಾಗಿ ಬಾಗುತ್ತಿದ್ದರೆ "ಏಳಾಯ್ತು" ಎಂದು ಪ್ಲಾಸ್ಟರ್ ಹಾಕುವುದೂ ತಪ್ಪು. ಕಣಕಾಲಿನ ಅಳತೆಯನ್ನು ಆರು ತಿಂಗಳಿಗೊಮ್ಮೆ ಒಂದೇ ಪುಸ್ತಕದಲ್ಲಿ ಬರೆಸಿಡಬೇಕು. ಅಳತೆ ಇಳಿಯುತ್ತಿದ್ದರೆ ಫಿಸಿಯೋಥೆರಪಿಸ್ಟರ ಮಾತು ಗೆಲ್ಲಬೇಕು, ಇಳಿಯದಿದ್ದರೆ ಅಜ್ಜಿಯ ಮಾತು. ಸಮತೋಲದ ವಿಷಯದಲ್ಲಿ ಪುರಾವೆ ಇನ್ನೂ ಅರ್ಧ ದಾರಿಯಲ್ಲಿದೆ. ಹಾಗಿದ್ದರೂ ಅಲ್ಲಿ ಕಾಯಬೇಕಾಗಿಲ್ಲ, ಏಕೆಂದರೆ ಅಭ್ಯಾಸದಿಂದ ಹಾನಿಯಿಲ್ಲ, ಖರ್ಚೂ ಇಲ್ಲ. ಏರು ದಾರಿಯಲ್ಲಿ ನಡೆಸುವುದು, ಬರಿಗಾಲಲ್ಲಿ ಬೇರೆ ಬೇರೆ ನೆಲ ಮುಟ್ಟಿಸುವುದು, ಗೋಡೆಗೆ ಕೈಯೊತ್ತಿ ಮೀನಖಂಡ ಚಾಚುವುದು, ಕುಂಟೆಬಿಲ್ಲೆ ಆಡಿಸುವುದು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ಬಗ್ಗಿ ಬಿಲ್ಲೆ ಎತ್ತುವಾಗ ಮಗು ಯಾವ ಕಾಲಲ್ಲಿ ಬೀಳುತ್ತದೆ, ಎಷ್ಟು ಬೇಗ ಬೀಳುತ್ತದೆ ಎಂಬುದನ್ನು ಗಮನಿಸಿದ ತಾಯಿ ಫಿಸಿಯೋಥೆರಪಿಸ್ಟರಿಗೆ ಉಪಯೋಗಕ್ಕೆ ಬರುವ ಮಾಹಿತಿ ಕೊಡಬಲ್ಲಳು.

ಮತ್ತು "ಹಿಮ್ಮಡಿ ಊರು" ಎಂಬ ಮಂತ್ರವನ್ನು ನಿಲ್ಲಿಸಬೇಕು. ಅದರಿಂದ ನಡಿಗೆ ಬದಲಾದದ್ದಕ್ಕೆ ಆಧಾರವಿಲ್ಲ, ಹೇಳಿದ ಅರೆನಿಮಿಷ ಮಗು ಊರುತ್ತದೆ, ಅಷ್ಟೇ. ಆದರೆ ತನ್ನ ನಡಿಗೆಯಲ್ಲೇ ಏನೋ ತಪ್ಪಿದೆ ಎಂಬ ಭಾವ ದಿನಕ್ಕೆ ಹತ್ತು ಸಲ ಅದರ ಮನಸ್ಸಿಗೆ ಇಳಿಯುತ್ತದೆ. ಈ ನಷ್ಟ ಯಾವ ಅಧ್ಯಯನದ ಅಂಕಿಯಲ್ಲೂ ಕಾಣುವುದಿಲ್ಲ, ನನಗೆ ಅದು ಸಣ್ಣದಲ್ಲ.

ಕಠಿಣ ಪ್ರಶ್ನೆ ಉಳಿಯುವುದು ಒಂಬತ್ತು ಹತ್ತರ ಮಕ್ಕಳದು: ಕಣಕಾಲು ಬಾಗುತ್ತದೆ, ಬೀಳುವುದಿಲ್ಲ, ನೋವಿಲ್ಲ, ಆಟದಲ್ಲಿ ಹಿಂದಿಲ್ಲ, ಆದರೂ ತುದಿಗಾಲೇ. ತಿದ್ದುವವರು ಮುಂದೆ ಬರಬಹುದಾದ ನೋವನ್ನು ತೋರಿಸುತ್ತಾರೆ, ಕಾಯುವವರು ಇಂದು ಇಲ್ಲದ ತೊಂದರೆಗೆ ಚಿಕಿತ್ಸೆ ಯಾಕೆ ಎನ್ನುತ್ತಾರೆ. ಆ ವಯಸ್ಸಿನ ಮಗುವನ್ನು ಕೇಳಬಹುದು. ಶಾಲೆಯಲ್ಲಿ ಅಣಕಿಸುತ್ತಾರಾ, ಸಂಜೆಗೆ ಮೀನಖಂಡ ನೋಯುತ್ತದಾ, ಸಾಲಿನಲ್ಲಿ ನಿಂತಿರಲು ಕಷ್ಟವಾ, ಪ್ಲಾಸ್ಟರ್ ಹಾಕಿಸಿಕೊಂಡು ಕೆಲವು ವಾರ ಆಟ ಬಿಡಲು ಒಪ್ಪಿಗೆಯಾ ಎಂದು ಅದಕ್ಕೆ ಅರ್ಥವಾಗುವ ಮಾತಿನಲ್ಲಿ ಕೇಳಿ, ಉತ್ತರವನ್ನು ಡಾಕ್ಟರ ಮುಂದೆ ಅದರ ಬಾಯಿಂದಲೇ ಹೇಳಿಸಬೇಕು. ಇಬ್ಬರು ತಜ್ಞರು ಎರಡು ಮಾತು ಹೇಳಿ ಪುರಾವೆ ಯಾರ ಕಡೆಗೂ ವಾಲದಿದ್ದಾಗ, ಆ ಕಾಲಿನ ಮೇಲೆ ನಿಂತಿರುವವರ ಮಾತಿಗೆ ಹೆಚ್ಚಿನ ತೂಕ ಕೊಡಬೇಕೆಂದು ನಾನು ನಂಬುತ್ತೇನೆ.